ಹದಿನೆಂಟು ದಾಟಿದ ಮೇಲೆ: ವಿಕಲಚೇತನ ವಯಸ್ಕರ ದಂತಾರೋಗ್ಯ ಮತ್ತು ನಮ್ಮ ನಾಲ್ಕು ತಾಲೂಕುಗಳು



ದತ್ತಿ ಉಪನ್ಯಾಸಕ್ಕೆ ಸಾಹಿತ್ಯವನ್ನೋ ಇತಿಹಾಸವನ್ನೋ ಆರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ರನ್ನನ ಹೆಸರು ಹೊತ್ತ ಮುಧೋಳ, ಪಟವರ್ಧನರು ಆಳಿದ ಜಮಖಂಡಿ ಇರುವ ಈ ಸೀಮೆಯಲ್ಲಿ ಅಂಥ ವಿಷಯಗಳಿಗೆ ಬರವಿಲ್ಲ. ಇಂದು ನಾನು ಎತ್ತಿಕೊಂಡಿರುವ ವಿಷಯಕ್ಕೆ ವೇದಿಕೆ ಸಿಗುವುದು ಅಪರೂಪ. ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಆಟಿಸಂ, ಮೂರ್ಛೆರೋಗದೊಂದಿಗೆ ಬಂದ ಬಹುವಿಧ ವೈಕಲ್ಯ, ದೀರ್ಘಕಾಲದ ಮಾನಸಿಕ ಕಾಯಿಲೆ, ಇವುಗಳ ಜೊತೆ ಬದುಕುತ್ತಿರುವ ವಯಸ್ಕರ ಹಲ್ಲು ಮತ್ತು ಒಸಡಿನ ಆರೈಕೆ ಇಂದಿನ ವಿಷಯ. ನನ್ನ ವಾದ ಇಷ್ಟೆ: ಇವರ ಹಲ್ಲು ಹಾಳಾಗುವುದು ವೈಕಲ್ಯದಿಂದ ಕಡಿಮೆ, ನಾವು ಮಾಡಿಕೊಂಡಿರುವ ಏರ್ಪಾಡಿನಿಂದ ಹೆಚ್ಚು. ಆ ಏರ್ಪಾಡು ಬೇನೆ ಬರುವವರೆಗೆ ಕಾಯುತ್ತದೆ. ಬೇನೆ ಬಂದ ಮೇಲೆ ಹಲ್ಲು ಕಿತ್ತು ಮನೆಗೆ ಕಳಿಸುತ್ತದೆ. ಇದನ್ನು ಬದಲಿಸಲು ಬೇಕಾದ ಜನ, ಸಾಮಗ್ರಿ, ಕಾನೂನು ಬಹುಪಾಲು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ನಮ್ಮ ನಾಲ್ಕು ತಾಲೂಕುಗಳಲ್ಲಿ ಅಥವಾ ಜಿಲ್ಲಾ ಕೇಂದ್ರವಾದ ಬಾಗಲಕೋಟೆಯಲ್ಲಿ ಈಗಾಗಲೇ ಇವೆ. ಅವನ್ನು ಒಂದಕ್ಕೊಂದು ಜೋಡಿಸುವ ಹೊಣೆ ಮಾತ್ರ ಯಾರಿಗೂ ಇಲ್ಲ.

ಮೊದಲು ವಯಸ್ಸಿನ ಲೆಕ್ಕ ನೋಡೋಣ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಶಾಲೆಗೂ ಬಂದು, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಹುಳುಕು ಹಲ್ಲು ಆ ಪಟ್ಟಿಯಲ್ಲಿದೆ. ವಯಸ್ಸು 18 ದಾಟಿದ ದಿನ ಆ ಬಾಗಿಲು ಮುಚ್ಚುತ್ತದೆ. ಇನ್ನೊಂದು ತುದಿಯಲ್ಲಿ ನಮ್ಮ ರಾಜ್ಯದ ದಂತಭಾಗ್ಯ ಯೋಜನೆ ಇದೆ. 2014ರಲ್ಲಿ ಬಂದ ಈ ಯೋಜನೆ ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುತ್ತದೆ. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಮೂರ್ಛೆ ಬರುವವರಿಗೆ, ನಾಲಿಗೆ-ದವಡೆ ಹತೋಟಿಯಲ್ಲಿಲ್ಲದವರಿಗೆ ತೆಗೆದು ಹಾಕುವ ಸೆಟ್ ಎಷ್ಟೋ ಸಲ ಒಗ್ಗುವುದಿಲ್ಲ. ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಅಂದರೆ, ಕಳೆದುಹೋದರೆ ಮರಳಿ ಕಟ್ಟಿಕೊಡುವುದು ಯಾರಿಗೆ ಅತ್ಯಂತ ಕಷ್ಟವೋ ಅವರ ಹಲ್ಲನ್ನು ಕಾಯಲು ನಡುವಿನ ಮೂವತ್ತು-ನಲವತ್ತು ವರ್ಷ ಯಾವ ಏರ್ಪಾಡೂ ಇಲ್ಲ. ದಂತವೈದ್ಯ ಶಿಕ್ಷಣದಲ್ಲೂ ಇದೇ ಕಂದಕ ಕಾಣುತ್ತದೆ. ವಿಶೇಷ ಅಗತ್ಯವುಳ್ಳವರ ಆರೈಕೆಯನ್ನು ನಮ್ಮಲ್ಲಿ ಮುಖ್ಯವಾಗಿ ಮಕ್ಕಳ ದಂತವೈದ್ಯ ವಿಭಾಗದಲ್ಲಿ ಕಲಿಸುತ್ತಾರೆ. ಆ ಮಗು ನಲವತ್ತರ ಗಂಡಸೋ ಹೆಂಗಸೋ ಆದಾಗ ಯಾವ ವಿಭಾಗದ ಬಾಗಿಲು ತಟ್ಟಬೇಕು ಎಂದು ಬಹಳಷ್ಟು ಆಸ್ಪತ್ರೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಬ್ರಿಟನ್ 2008ರಲ್ಲೇ ಇದನ್ನು ಪ್ರತ್ಯೇಕ ತಜ್ಞ ಶಾಖೆಯೆಂದು ಮಾನ್ಯ ಮಾಡಿತು. ಮುನ್ನೂರಕ್ಕೂ ಹೆಚ್ಚು ದಂತ ಕಾಲೇಜುಗಳಿರುವ ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಅಂಥ ಸ್ಥಾನ ಇನ್ನೂ ಸಿಕ್ಕಿಲ್ಲ.

ಇವರ ಸಂಖ್ಯೆ ಸಣ್ಣದೇನಲ್ಲ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13 ಲಕ್ಷ ವಿಕಲಚೇತನರನ್ನು ಎಣಿಸಿತು. ಆಗ ಜಾರಿಯಲ್ಲಿದ್ದ 1995ರ ಕಾಯ್ದೆ ಗುರುತಿಸಿದ್ದು 7 ಬಗೆಯ ವೈಕಲ್ಯಗಳನ್ನು ಮಾತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಹೊಸದಾಗಿ ಸೇರಿದವುಗಳಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡಗೋಲು ಕಣ ರೋಗದಂಥ ರಕ್ತದ ಕಾಯಿಲೆಗಳೂ ಇವೆ. ಹಿಮೋಫಿಲಿಯಾ ಇರುವವರಿಗೆ ಹಲ್ಲು ಕೀಳುವುದೆಂದರೆ ನಿಲ್ಲದ ರಕ್ತಸ್ರಾವಕ್ಕೆ ದಾರಿ ಮಾಡಿಕೊಟ್ಟಂತೆ. ಅವರ ಮಟ್ಟಿಗೆ ಹುಳುಕು ಬಾರದಂತೆ ನೋಡಿಕೊಳ್ಳುವುದೇ ಜೀವರಕ್ಷಣೆ.

ಈಗ ಬಾಯೊಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೂರ್ಛೆರೋಗಕ್ಕೆ ದಶಕಗಳಿಂದ ಬಳಕೆಯಲ್ಲಿರುವ ಅಗ್ಗದ ಗುಳಿಗೆ ಫೆನಿಟಾಯಿನ್. ಅದನ್ನು ನುಂಗುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಸಡು ಬೆಳೆಯುತ್ತದೆ. ಇದು 1939ರಿಂದಲೂ ವೈದ್ಯರಿಗೆ ತಿಳಿದ ಸಂಗತಿ. ಮೊದಲು ಮುಂದಿನ ಎರಡು ಹಲ್ಲುಗಳ ನಡುವಿನ ತ್ರಿಕೋನದಲ್ಲಿ ಒಸಡು ಉಬ್ಬುತ್ತದೆ. ತಿಂಗಳುಗಳು ಕಳೆದಂತೆ ಆ ಉಬ್ಬು ಹಲ್ಲಿನ ಮೈಮೇಲೆ ಏರುತ್ತದೆ, ಅದರಡಿಯಲ್ಲಿ ಅನ್ನದ ಅಗುಳು, ರೊಟ್ಟಿಯ ಪುಡಿ ಸೇರಿಕೊಳ್ಳುತ್ತವೆ. ಬ್ರಷ್ ತಾಗಿಸಿದರೆ ರಕ್ತ ಒಸರುತ್ತದೆ. ರಕ್ತ ಕಂಡ ಮನೆಯವರು ಹೆದರಿ ಉಜ್ಜುವುದನ್ನೇ ಬಿಡುತ್ತಾರೆ. ಉಜ್ಜದೆ ಬಿಟ್ಟಷ್ಟೂ ಒಸಡು ಇನ್ನಷ್ಟು ಬೆಳೆಯುತ್ತದೆ. ಹೀಗೆ ಸುತ್ತಿಕೊಳ್ಳುವ ಈ ಸರಪಳಿಯನ್ನು ಆರಂಭದಲ್ಲೇ ತುಂಡರಿಸಲು ಬೇಕಾದದ್ದು ಮೆತ್ತನೆಯ ಬ್ರಷ್ಷು, ಆರು ತಿಂಗಳಿಗೊಮ್ಮೆ ಹಲ್ಲಿನ ಕ್ಲೀನಿಂಗ್, ಗುಳಿಗೆ ಬದಲಿಸಬಹುದೇ ಎಂದು ನರರೋಗ ತಜ್ಞರಿಗೆ ಒಂದು ಚೀಟಿ. ಗುಳಿಗೆಯನ್ನು ಮನೆಯವರು ತಾವಾಗಿಯೇ ನಿಲ್ಲಿಸಬಾರದು, ಅದರಿಂದ ಪ್ರಾಣಕ್ಕೇ ಕುತ್ತು. ಆದರೆ ಗುಳಿಗೆ ಬರೆದುಕೊಡುವ ಸಾಲಿನಲ್ಲೇ ‘ಹಲ್ಲಿನ ಡಾಕ್ಟರಿಗೂ ತೋರಿಸಿ’ ಎಂದು ಬರೆಯುವ ರೂಢಿ ಬಂದರೆ ಎಷ್ಟೋ ಬಾಯಿಗಳು ಉಳಿಯುತ್ತವೆ. ಮಾನಸಿಕ ಕಾಯಿಲೆಯ ಹಲವು ಗುಳಿಗೆಗಳು ಬಾಯಿ ಒಣಗಿಸುತ್ತವೆ. ಜೊಲ್ಲು ಕಡಿಮೆಯಾದ ಬಾಯಲ್ಲಿ ಹುಳುಕು ಬೇಗ ಹಬ್ಬುತ್ತದೆ. ಡೌನ್ ಸಿಂಡ್ರೋಮ್ ಇರುವವರಿಗೆ ಹುಳುಕಿಗಿಂತ ಒಸಡಿನ ರೋಗ ಚಿಕ್ಕ ವಯಸ್ಸಿನಲ್ಲೇ, ಜೋರಾಗಿ ಬರುತ್ತದೆ. ಅವರಲ್ಲಿ ಸುಮಾರು ಅರ್ಧ ಮಂದಿಗೆ ಹುಟ್ಟಿನಿಂದ ಹೃದಯದ ದೋಷವಿರುವುದರಿಂದ, ಒಸಡಿನ ಸೋಂಕು ರಕ್ತದ ಮೂಲಕ ಹೃದಯದ ಕವಾಟಕ್ಕೆ ತಗಲುವ ಭಯವೂ ಸೇರುತ್ತದೆ.

ನಮ್ಮ ನೆಲದ ಒಂದು ಸಂಗತಿಯನ್ನೂ ಇಲ್ಲಿ ಹೇಳಲೇಬೇಕು. ಘಟಪ್ರಭೆ ಮತ್ತು ಕೃಷ್ಣೆಯ ನೀರುಂಡ ಈ ತಾಲೂಕುಗಳು ಕಬ್ಬಿನ ನಾಡು. ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರುವಾಸಿ. ದುಡಿಮೆಗೆ ಹೋಗಲಾಗದೆ ಮನೆಯಲ್ಲೇ ಕುಳಿತ ವಿಕಲಚೇತನ ಮಗನಿಗೆ, ಮಗಳಿಗೆ ಅಕ್ಕರೆಯಿಂದ ಆಗಾಗ ಒಂದು ಚೂರು ಬೆಲ್ಲ, ಬಸಿ ತುಂಬ ಸಿಹಿ ಚಹಾ, ಅಂಗಡಿಯ ಬಿಸ್ಕಿಟು ಕೊಡುವುದು ಸಹಜ. ಎಷ್ಟು ಸಿಹಿ ತಿಂದರು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದರು, ಅದು ಹಲ್ಲಿಗೆ ಎಷ್ಟು ಹೊತ್ತು ಅಂಟಿಕೊಂಡಿತ್ತು ಎನ್ನುವುದು ಮುಖ್ಯ ಎಂದು ಇಂದು ಎಲ್ಲ ದಂತವೈದ್ಯರೂ ಹೇಳುತ್ತಾರೆ. ಈ ತಿಳಿವಳಿಕೆ ಎಲ್ಲಿಂದ ಬಂತು? ಸ್ವೀಡನ್ನಿನ ಲುಂಡ್ ನಗರದಲ್ಲಿ ಬುದ್ಧಿಮಾಂದ್ಯರಿಗಾಗಿ ವಿಪೆಹೋಲ್ಮ್ ಎಂಬ ಸಂಸ್ಥೆಯಿತ್ತು. 1940ರ ದಶಕದ ಕೊನೆಯಲ್ಲಿ ಅಲ್ಲಿನ ನಿವಾಸಿಗಳಿಗೆ, ಅವರಲ್ಲಿ ಬಹುಪಾಲು ವಯಸ್ಕರಿಗೆ, ಹಲ್ಲಿಗೆ ಅಂಟುವಂತೆ ತಯಾರಿಸಿದ ಮಿಠಾಯಿಯನ್ನು ಊಟದ ನಡುನಡುವೆ ತಿನ್ನಿಸಿ, ಹಲ್ಲು ಹುಳುಕಾಗುವುದನ್ನು ವರ್ಷಗಟ್ಟಲೆ ಅಳೆದರು. ಒಂದು ಗುಂಪಿಗೆ ದಿನಕ್ಕೆ 24 ಮಿಠಾಯಿ. ಯಾರೂ ಅವರ ಒಪ್ಪಿಗೆ ಕೇಳಲಿಲ್ಲ. 1954ರಲ್ಲಿ ಪ್ರಕಟವಾದ ಆ ವರದಿಯ ಮೇಲೆಯೇ ಸಕ್ಕರೆ ಮತ್ತು ಹಲ್ಲಿನ ಬಗೆಗಿನ ಆಧುನಿಕ ತಿಳಿವಳಿಕೆಯ ದೊಡ್ಡ ಭಾಗ ನಿಂತಿದೆ. ಇಡೀ ಜಗತ್ತಿನ ಮಕ್ಕಳ ಹಲ್ಲು ಉಳಿಸಿದ ಜ್ಞಾನವನ್ನು ವಿಕಲಚೇತನರ ಹಲ್ಲು ಕೆಡಿಸಿ ಪಡೆದೆವು. ಆ ಜ್ಞಾನ ಮೊದಲು ತಲುಪಬೇಕಾದದ್ದು ಅವರ ಬಾಂಧವರಿಗೆ. ದಾನ, ದಯೆ ಎಂಬ ಮಾತು ಇಲ್ಲಿ ಸಲ್ಲುವುದಿಲ್ಲ. ಇದು ತೀರಿಸಬೇಕಾದ ಸಾಲ.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ‘ನಡೆಯಲಾಗದವರಿಗೆ ಗಾಲಿಕುರ್ಚಿ ಇಲ್ಲ, ಮಾಸಾಶನ ಹೊತ್ತಿಗೆ ಬರುವುದಿಲ್ಲ, ಅಂಥದರಲ್ಲಿ ಹಲ್ಲಿನ ಮಾತೇಕೆ?’ ಎಂದು ಕೇಳುವವರು ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಆದರೆ ಅವರು ಹಲ್ಲನ್ನು ಅಂದಚಂದದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾರೆ. ಜೋಳದ ರೊಟ್ಟಿಯೇ ಊಟವಾಗಿರುವ ಸೀಮೆಯಲ್ಲಿ ದವಡೆಹಲ್ಲು ಹೋದವರು ರೊಟ್ಟಿ, ಹಸಿ ತರಕಾರಿ, ಕಾಳು ಬಿಟ್ಟು ಹಾಲು-ಅನ್ನಕ್ಕೆ, ಗಂಜಿಗೆ ಇಳಿಯುತ್ತಾರೆ. ಮೈಯಲ್ಲಿ ಕಸುವು ಕಡಿಮೆಯಾಗುತ್ತದೆ. ಮಾತು ಬಾರದವರು ಹಲ್ಲುಬೇನೆಯನ್ನು ಹೇಳಲಾರರು. ತಲೆ ಗೋಡೆಗೆ ಬಡಿದುಕೊಳ್ಳುತ್ತಾರೆ, ಕೈ ಕಚ್ಚಿಕೊಳ್ಳುತ್ತಾರೆ, ಊಟದ ತಟ್ಟೆ ತಳ್ಳುತ್ತಾರೆ, ರಾತ್ರಿ ನಿದ್ದೆಗೆಡುತ್ತಾರೆ. ಮನೆಯವರು ಅದನ್ನು ‘ಹುಚ್ಚು ಹೆಚ್ಚಾಯಿತು’ ಎಂದುಕೊಂಡು ನಿದ್ದೆಗುಳಿಗೆಯ ಪ್ರಮಾಣ ಹೆಚ್ಚಿಸಿಕೊಂಡು ಬರುತ್ತಾರೆ. ದವಡೆಯ ಕೀವು ಹಾಗೆಯೇ ಉಳಿಯುತ್ತದೆ. ವರ್ತನೆ ಒಮ್ಮೆಲೇ ಬದಲಾದಾಗ ಮೊದಲು ಬಾಯಿ ನೋಡಿ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರ ಮೊದಲ ಪಾಠ. ಇನ್ನೊಂದು ಪುರಾವೆ ಜಪಾನಿನದು. ಅಲ್ಲಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದ ಅಧ್ಯಯನ 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಿಬ್ಬಂದಿ ದಿನವೂ ಬಾಯಿ ಸ್ವಚ್ಛಗೊಳಿಸಿದ ಗುಂಪಿನಲ್ಲಿ ನ್ಯುಮೋನಿಯಾ ಬಂದದ್ದು ಶೇ. 11 ಮಂದಿಗೆ, ಹಾಗೆ ಮಾಡದ ಗುಂಪಿನಲ್ಲಿ ಶೇ. 19 ಮಂದಿಗೆ. ಅದು ವಯೋವೃದ್ಧರ ಮೇಲಿನ ಅಧ್ಯಯನ, ನಿಜ. ಆದರೆ ನುಂಗುವುದು ಕಷ್ಟವಾಗಿ ಎಂಜಲು ಶ್ವಾಸನಾಳಕ್ಕೆ ಇಳಿಯುವ ತೊಂದರೆ ಸೆರೆಬ್ರಲ್ ಪಾಲ್ಸಿ ಇರುವ ಯುವಕರಲ್ಲೂ ಅದೇ ಬಗೆಯದು. ಹಲ್ಲುಜ್ಜುವ ಬ್ರಷ್ಷು ಪುಪ್ಪುಸವನ್ನೂ ಕಾಯುತ್ತದೆ ಎಂದ ಮೇಲೆ ಅದನ್ನು ಎರಡನೆಯ ಸಾಲಿಗೆ ಸರಿಸಲು ಆಗದು.

ಎರಡನೆಯ ಆಕ್ಷೇಪ ದಂತವೈದ್ಯರದು: ‘ಅವರು ಬಾಯಿಯೇ ತೆರೆಯುವುದಿಲ್ಲ, ಕುರ್ಚಿಯಲ್ಲಿ ಕೂರುವುದಿಲ್ಲ, ಏನು ಮಾಡೋಣ?’ ಇದರಲ್ಲಿ ಸತ್ಯವಿದೆ. ಕಣ್ಣಿಗೆ ಹೊಡೆಯುವ ದೀಪ, ಕೊರೆಯುವ ಯಂತ್ರದ ಕಿರುಗುಟ್ಟುವಿಕೆ, ಹಿಂದಕ್ಕೆ ಬಾಗುವ ಕುರ್ಚಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡ ಅಪರಿಚಿತರು, ಇವೆಲ್ಲ ಸೇರಿ ಆಟಿಸಂ ಇರುವವರನ್ನು ಕಂಗೆಡಿಸುತ್ತವೆ. ಆದರೆ ಸಹಕಾರ ಹುಟ್ಟಿನಿಂದ ಬರುವ ಗುಣವಲ್ಲ, ರೂಢಿಯಿಂದ ಬರುವಂಥದು. ಮೊದಲ ಭೇಟಿಯಲ್ಲಿ ಕೋಣೆ ನೋಡಿ ಹೋಗುವುದು, ಎರಡನೆಯದರಲ್ಲಿ ಕುರ್ಚಿಯಲ್ಲಿ ಕೂರುವುದು, ಮೂರನೆಯದರಲ್ಲಿ ಕನ್ನಡಿಯಿಂದ ಹಲ್ಲು ಎಣಿಸುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗಿದರೆ ಬಹಳ ಮಂದಿ ಒಗ್ಗಿಕೊಳ್ಳುತ್ತಾರೆ. ಅದಕ್ಕೆ ನೂಕುನುಗ್ಗಲಿಲ್ಲದ ಹೊತ್ತು ಬೇಕು, ಸಂತೆಯ ದಿನದ ಹೊರರೋಗಿ ಸಾಲಿನಲ್ಲಿ ಅದು ಆಗದ ಮಾತು. ಜೊತೆಗೆ, ಕೊರೆಯದೆ ಹುಳುಕು ತಡೆಯುವ ದಾರಿಗಳೂ ಇಂದು ಇವೆ. ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರಾವಣವನ್ನು ಸಣ್ಣ ಕುಂಚದಿಂದ ಹುಳುಕಿನ ಮೇಲೆ ಹಚ್ಚಿದರೆ ಎಷ್ಟೋ ಕಡೆ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಆ ಜಾಗ ಕಪ್ಪಾಗುತ್ತದೆ, ಇದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ರೂಪುಗೊಂಡ ಇನ್ನೊಂದು ವಿಧಾನದಲ್ಲಿ ವಿದ್ಯುತ್ತು, ಯಂತ್ರ ಯಾವುದೂ ಬೇಡ. ಕೈಯುಪಕರಣದಿಂದ ಮೆತ್ತಗಾದ ಭಾಗ ಕೆರೆದು ಗ್ಲಾಸ್ ಅಯನೋಮರ್ ಸಿಮೆಂಟು ತುಂಬುತ್ತಾರೆ. ಈ ದ್ರಾವಣ, ಈ ಸಿಮೆಂಟು, ಫ್ಲೋರೈಡ್ ಪೇಸ್ಟು, ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಇಷ್ಟೆಲ್ಲ ಮಾಡಿದ ಮೇಲೂ ಕೆಲವರಿಗೆ ಪೂರ್ಣ ಅರಿವಳಿಕೆ ಕೊಟ್ಟೇ ಚಿಕಿತ್ಸೆ ಮಾಡಬೇಕಾಗುತ್ತದೆ. ಅಂಥವರಿಗೆ ಒಂದೇ ಸಲಕ್ಕೆ ಬಾಯಿಯ ಎಲ್ಲ ಕೆಲಸ ಮುಗಿಸುವ ಯೋಜನೆ ಇರಬೇಕು. ಆದರೆ ಆ ಕೆಲವರನ್ನು ಮುಂದಿಟ್ಟುಕೊಂಡು ಎಲ್ಲರನ್ನೂ ವಾಪಸು ಕಳಿಸುವುದು ನ್ಯಾಯವಲ್ಲ.

ಮೂರನೆಯದು ಹಣ ಮತ್ತು ಜನರ ಪ್ರಶ್ನೆ. ಬಾಗಲಕೋಟೆಯಲ್ಲಿ ಬಿ.ವಿ.ವಿ. ಸಂಘದ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯವಿದೆ. ಅದೇ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವೂ ಆಸ್ಪತ್ರೆಯೂ ಅದೇ ಊರಿನಲ್ಲಿವೆ. ದಂತವೈದ್ಯರು ಮತ್ತು ಅರಿವಳಿಕೆ ತಜ್ಞರು ಒಂದೇ ಊರಿನಲ್ಲಿ ಸಿಗುವುದು ಎಷ್ಟೋ ಜಿಲ್ಲೆಗಳಿಗಿಲ್ಲದ ಅನುಕೂಲ. ಅತ್ತ ಬೆಳಗಾವಿ, ಧಾರವಾಡ, ವಿಜಯಪುರಗಳಲ್ಲೂ ದಂತ ಕಾಲೇಜುಗಳಿವೆ. ಇತ್ತ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾವ ವೈಕಲ್ಯದವರಿದ್ದಾರೆ ಎಂಬುದು ಇವರಿಗೆ ಗೊತ್ತು. ಸ್ಥಳೀಯ ಸಂಸ್ಥೆಗಳು ಸ್ವಂತ ಆದಾಯದ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ನಡೆಯುವ ‘ನಿರಾಮಯ’ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಹಲ್ಲಿನ ಮುಂಜಾಗ್ರತಾ ಆರೈಕೆಯೂ ಅದರಲ್ಲಿ ಸೇರಿದೆ. ಇದನ್ನು ಬಲ್ಲ ಮನೆಗಳೇ ಕಡಿಮೆ. 2016ರ ಕಾಯ್ದೆಯ 25ನೇ ಕಲಮು ಹತ್ತಿರದಲ್ಲೇ, ಅದರಲ್ಲೂ ಗ್ರಾಮೀಣ ಪ್ರದೇಶದಲ್ಲಿ, ಕುಟುಂಬದ ಆದಾಯ ನೋಡಿ ಉಚಿತ ಆರೋಗ್ಯ ಸೇವೆ, ಸರ್ಕಾರಿ-ಖಾಸಗಿ ಆಸ್ಪತ್ರೆಗಳಿಗೆ ತಡೆಯಿಲ್ಲದ ಪ್ರವೇಶ, ಚಿಕಿತ್ಸೆಯಲ್ಲಿ ಆದ್ಯತೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ‘ಹತ್ತಿರದಲ್ಲೇ’ ಎಂಬುದು ಇಲ್ಲಿ ಭಾರದ ಮಾತು. ರಬಕವಿಯ ಒಬ್ಬ ನೇಕಾರ ತಾಯಿ ಮೂವತ್ತು ವರ್ಷದ ಮಗನನ್ನು ಬಾಗಲಕೋಟೆಗೆ ಕರೆದೊಯ್ಯಬೇಕೆಂದರೆ, ಶಕ್ತಿ ಯೋಜನೆಯಿಂದ ಆಕೆಯ ಬಸ್ ಟಿಕೆಟ್ಟು ಉಚಿತವಾದರೂ, ಆ ದಿನದ ಮಗ್ಗ ನಿಲ್ಲುತ್ತದೆ, ಕೂಲಿ ಹೋಗುತ್ತದೆ. ಆರು ತಿಂಗಳಿಗೊಮ್ಮೆ ಬನ್ನಿ ಎಂಬ ಸಲಹೆ ಆಕೆಗೆ ತಲುಪಬೇಕಾದರೆ ಸೇವೆ ಬನಹಟ್ಟಿಯಲ್ಲೇ ಸಿಗಬೇಕು.

‘ಶಿಬಿರಗಳು ನಡೆಯುತ್ತವಲ್ಲ, ಸಾಲದೇ?’ ಎನ್ನುವವರೂ ಇದ್ದಾರೆ. ಶಿಬಿರ ರೋಗ ಎಣಿಸುತ್ತದೆ, ಬ್ರಷ್ಷು ಹಂಚುತ್ತದೆ, ಹೆಚ್ಚೆಂದರೆ ಅಲುಗಾಡುವ ಹಲ್ಲು ಕೀಳುತ್ತದೆ. ಮರುವಾರ ಬಾಯಿ ಬಾತರೆ ಯಾರನ್ನು ಕಾಣಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ವಿಕಲಚೇತನರಿಗೆ ಬೇಕಾದದ್ದು ಪರಿಚಿತ ಮುಖ, ಪರಿಚಿತ ಕೋಣೆ, ತಪ್ಪದ ಮರುಭೇಟಿ. ಮೂರೂ ಶಿಬಿರದಿಂದ ದೊರೆಯುವುದಿಲ್ಲ.

ಕೊನೆಯ ಆಕ್ಷೇಪ, ‘ಇದು ಮನೆಯವರು ಮಾಡಬೇಕಾದ ಕೆಲಸ’ ಎಂಬುದು. ಮನೆಯವರು ಮಾಡುತ್ತಲೇ ಇದ್ದಾರೆ. ಹೇಗೆಂದು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ. ಬೆಳೆದ ಗಂಡಸಿನ ಹಲ್ಲು ಎದುರಿಗೆ ನಿಂತು ಉಜ್ಜಲು ಹೋದರೆ ಸೆಣಸಾಟವಾಗುತ್ತದೆ. ಅವರನ್ನು ನೆಟ್ಟಗೆ ಕೂರಿಸಿ, ಹಿಂದೆ ನಿಂತು, ತಲೆಯನ್ನು ತಮ್ಮ ಎದೆಗೆ ಒರಗಿಸಿಕೊಂಡು, ಎಡಗೈ ಬೆರಳಿನಿಂದ ತುಟಿ ಸರಿಸಿ, ಬ್ರಷ್ಷನ್ನು ಒಸಡು-ಹಲ್ಲು ಕೂಡುವ ಅಂಚಿಗೆ ಓರೆಯಾಗಿ ಇಟ್ಟು ಸಣ್ಣಗೆ ಆಡಿಸಬೇಕು. ಪೇಸ್ಟು ಬಟಾಣಿಯಷ್ಟಿದ್ದರೆ ಸಾಕು. ಉಗುಳಲಾರದವರಿಗೆ ಅಕ್ಕಿಕಾಳಿನಷ್ಟು ಹಚ್ಚಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಮಲಗಿಸಿ ಉಜ್ಜಬಾರದು, ನೊರೆ ಗಂಟಲಿಗಿಳಿಯುತ್ತದೆ. ತಾವೇ ಉಜ್ಜಿಕೊಳ್ಳಬಲ್ಲವರ ಬ್ರಷ್ಷಿನ ಹಿಡಿಗೆ ಸೈಕಲ್ ಹ್ಯಾಂಡಲಿನ ರಬ್ಬರ್ ತೊಡಿಸಿದರೆ ಹಿಡಿತ ಸಿಗುತ್ತದೆ. ಮಗ್ಗದ ಕಂಡಿಕೆ ಸುತ್ತುವ ಕೈ ಹಲ್ಲನ್ನೂ ಉಜ್ಜಬಲ್ಲದು, ಹಾಗಾಗಿ ಅವರಿಂದ ಆಗುವಷ್ಟನ್ನು ಅವರಿಗೇ ಬಿಡಬೇಕು. ಇಷ್ಟನ್ನು ಕಲಿಸಲು ಅರ್ಧ ತಾಸು ಸಾಕು. ಆದರೆ ಮನೆಯವರ ಮೇಲೆ ಪೂರ್ತಿ ಬಿಟ್ಟುಬಿಡುವ ವಾದ ಒಂದು ಪ್ರಶ್ನೆಗೆ ಉತ್ತರಿಸುವುದಿಲ್ಲ: ತಾಯಿಗೆ ಎಪ್ಪತ್ತಾದಾಗ, ಆಕೆ ಇಲ್ಲವಾದಾಗ ಯಾರು? ಅಣ್ಣನ ಮನೆಯಲ್ಲೋ ಆಶ್ರಮದಲ್ಲೋ ಉಳಿಯುವ ಆ ವ್ಯಕ್ತಿಯ ಬಾಯಿಯ ಹೊಣೆ ಸಮಾಜದ್ದೇ.

ವಯಸ್ಕರು ಎಂಬುದನ್ನು ನಾವು ಮರೆಯಬಾರದು. ಹಲ್ಲು ಕೀಳಬೇಕೇ ಉಳಿಸಬೇಕೇ ಎಂಬುದನ್ನು ಜೊತೆಗೆ ಬಂದವರನ್ನಷ್ಟೇ ಕೇಳಿ ತೀರ್ಮಾನಿಸುವುದು ನಮ್ಮಲ್ಲಿ ರೂಢಿ. ಇತರರಂತೆಯೇ ವಿಕಲಚೇತನರಿಗೂ ಕಾನೂನಿನ ಅರ್ಹತೆ ಇದೆ ಎಂದು 2016ರ ಕಾಯ್ದೆ ಹೇಳುತ್ತದೆ. ತೀರಾ ಅಗತ್ಯವಿದ್ದವರಿಗೆ ಪಾಲಕರನ್ನು ನೇಮಿಸಲು ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಇದೆ. ಉಳಿದೆಲ್ಲರಿಗೂ ಅವರಿಗೆ ತಿಳಿಯುವ ಮಾತಿನಲ್ಲಿ, ಚಿತ್ರ ತೋರಿಸಿ, ಸನ್ನೆಯಲ್ಲಿ ವಿವರಿಸಿ, ಅವರ ಹೂಂ-ಊಹೂಂ ಕೇಳುವುದು ವೈದ್ಯರ ಕರ್ತವ್ಯ. ಉಳಿಸಬಹುದಾದ ಹಲ್ಲನ್ನು ಸಮಯದ ಅಭಾವಕ್ಕಾಗಿ ಕೀಳುವುದನ್ನು ಬೇರೆ ಯಾರ ಮೇಲಾದರೂ ನಡೆಸಿದರೆ ತಪ್ಪೆನ್ನುತ್ತೇವೆ. ಇವರ ಮೇಲೆ ನಡೆದರೂ ಅದು ಅಷ್ಟೇ ತಪ್ಪು.

ಹಾಗಾದರೆ ಮಾಡಬೇಕಾದದ್ದೇನು? ಜಮಖಂಡಿ, ಮುಧೋಳ, ಬೀಳಗಿಯ ತಾಲೂಕು ಆಸ್ಪತ್ರೆಗಳಲ್ಲಿ ಮತ್ತು ಬನಹಟ್ಟಿಯ ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದು ದಿನ ವಿಕಲಚೇತನ ವಯಸ್ಕರ ಹಲ್ಲಿಗೆಂದೇ ಮೀಸಲಾಗಲಿ. ಆ ದಿನ ದಂತ ಕಾಲೇಜಿನ ತಂಡವೂ ಬರಲಿ. ಪುನರ್ವಸತಿ ಕಾರ್ಯಕರ್ತರ ಬಳಿಯಿರುವ ಪಟ್ಟಿಯೇ ಹಾಜರಿ ಪುಸ್ತಕವಾಗಲಿ, ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ವಿಚಾರಿಸಲಿ. ಪೂರ್ಣ ಅರಿವಳಿಕೆ ಬೇಕಾದವರಿಗೆ ಬಾಗಲಕೋಟೆಯಲ್ಲಿ ಗೊತ್ತಾದ ದಿನ, ಗೊತ್ತಾದ ಹಾಸಿಗೆ ಸಿಗಲಿ. ನಾಲ್ಕು ತಾಲೂಕುಗಳಿಗೂ ಸೇರಿ ಒಬ್ಬ ದಂತವೈದ್ಯಾಧಿಕಾರಿಯ ಹೆಸರಿನಲ್ಲಿ ಈ ಕೆಲಸದ ಹೊಣೆ ಲಿಖಿತವಾಗಿ ಇರಲಿ. ಹೆಸರಿಲ್ಲದ ಹೊಣೆಯನ್ನು ಯಾರೂ ಹೊರುವುದಿಲ್ಲ. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಕಟ್ಟಡ ಬೇಡ. ಪಂಚಾಯಿತಿಯ ಮೀಸಲು ಹಣದಲ್ಲಿ ಬ್ರಷ್ಷು, ಪೇಸ್ಟು, ವಾಹನದ ಖರ್ಚು ಸರಿದೂಗುತ್ತದೆ. ಈ ಸಭೆಯಲ್ಲಿ ಪಂಚಾಯಿತಿ ಸದಸ್ಯರಿದ್ದೀರಿ, ವೈದ್ಯರಿದ್ದೀರಿ, ಶಿಕ್ಷಕರಿದ್ದೀರಿ, ವಿಕಲಚೇತನರ ತಂದೆ-ತಾಯಿಗಳಿದ್ದೀರಿ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಈ ಒಂದು ಸಾಲನ್ನು ಬರೆಸಿ: ನಮ್ಮೂರಿನ ವಿಕಲಚೇತನ ವಯಸ್ಕರ ಬಾಯಿ ತಪಾಸಣೆ ಕಳೆದ ವರ್ಷ ಎಷ್ಟು ಮಂದಿಗೆ ಆಯಿತು? ಉತ್ತರ ಸೊನ್ನೆಯಾದರೆ ಆ ಸೊನ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಮರುವರ್ಷ ಅದೇ ಪ್ರಶ್ನೆಯನ್ನು ಮತ್ತೆ ಕೇಳುವವರು ಊರಿಗೊಬ್ಬರಿದ್ದರೂ ಈ ಏರ್ಪಾಡು ಬದಲಾಗುತ್ತದೆ ಎಂಬ ನಂಬಿಕೆ ನನಗಿದೆ.